ಅಳತೆಯ ಪಾಠ, ಮೂರನೇ ಇಯತ್ತೆ

ಈ ಬೆಂಚು ಎಷ್ಟುದ್ದ? ಕೇಳಿದೆ.
ಪುಸ್ತಕ ಮುಚ್ಚಿಸಿದ್ದೆ. ಮೀಟರ್ ಪಟ್ಟಿ ಕಪಾಟಿನೊಳಗೆ,
ಕಪಾಟಿನ ಕೀಲಿ ಹೆಡ್‌ಮಾಸ್ತರರ ಕಿಸೆಯೊಳಗೆ,
ಹೆಡ್‌ಮಾಸ್ತರರು ವಾರ್ಡ್ ಆಫೀಸಿನೊಳಗೆ.
ಕೈ ಇದೆಯಲ್ಲ, ಅಂದೆ.

ವಡಾಲಾದ ಮುನಿಸಿಪಾಲ್ಟಿ ಶಾಲೆ, ಎರಡನೇ ಮಾಳಿಗೆ.
ಕೆಳಗೆ ಮರಾಠಿ, ಪಕ್ಕಕ್ಕೆ ತಮಿಳು,
ಮೆಟ್ಟಿಲ ಮೂಲೆಗೆ ಕನ್ನಡದ ಹನ್ನೊಂದು ಮಕ್ಕಳು.
ಹಾರ್ಬರ್ ಲೈನಿನ ಗಾಡಿ ಹೋದಾಗಲೆಲ್ಲ
ಕಿಟಕಿ ಗಡಗಡಿಸಿ ಪಾಠ ನಿಲ್ಲುತ್ತದೆ,
ನಿಂತಲ್ಲಿಂದಲೇ ಮತ್ತೆ ಶುರು.

ಪುಟ್ಟ ಅಂಗೈಗಳು ಹೊರಟವು ಗೇಣು ಗೇಣಾಗಿ,
ಬೆನ್ನೆತ್ತಿ ಬೆನ್ನಿಳಿಸುವ ಕಂಬಳಿಹುಳದ ಹಾಗೆ.
ಮಾಳಪ್ಪನಿಗೆ ಎಂಟು. ಸಾಬವ್ವನಿಗೆ ಒಂಬತ್ತೂ ಚೂರು.
ತಾಯಪ್ಪನಿಗೆ ಮೊದಲು ಹದಿಮೂರು,
ಉಳಿದವರು ನಕ್ಕ ಮೇಲೆ ಏಳು.
ಮೌಲಾಲಿಯ ಅಪ್ಪ ಗೌಂಡಿ.
ಮೌಲಾಲಿ ಗೇಣಿಗೆ ಕೈಯನ್ನೇ ಹಾಕಲಿಲ್ಲ.
ಬೆಂಚಿನ ತುದಿಗೆ ಗಲ್ಲ ಆನಿಸಿ
ಒಂದು ಕಣ್ಣು ಮುಚ್ಚಿ ನೋಡೇ ನೋಡಿದ.
"ಉದ್ದ ಆಮ್ಯಾಲ ಟೀಚರ್, ಮೊದಲ ಇದು ಸೊಟ್ಟ ಅದ."

ನಾನೂ ಗಲ್ಲ ಆನಿಸಿದೆ. ಸೊಟ್ಟವೇ.
ಆರು ವರ್ಷದಿಂದ ಅದರೆದುರು ನಿಂತು
ನೆಟ್ಟಗೆ ಕೂಡಿ, ನೆಟ್ಟಗೆ ಕೂಡಿ ಅಂದಿದ್ದೇನೆ.

ಕರಿಹಲಗೆಯ ಮೇಲೆ ಹತ್ತು ಉತ್ತರ, ಒಂದೇ ಬೆಂಚು.
ಯಾರದು ಖರೆ? ಜಗಳ ಹತ್ತಿತು.
ನಾನು ಕಾದಿದ್ದೂ ಅದನ್ನೇ.
ಹಿಂದಿನ ರಾತ್ರಿಯೇ ಟಿಪ್ಪಣಿಯಲ್ಲಿ ಬರೆದಿದ್ದೆ:
'ಸಮಾನ ಅಳತೆ ಏಕೆ ಬೇಕೆಂದು
ಮಕ್ಕಳು ತಾವಾಗಿಯೇ ಕಂಡುಕೊಳ್ಳುವರು.'

ಆಗ ಎದ್ದಳು ಶಾವಂತ್ರಿ.
ಪಾಟಿಚೀಲದಿಂದ ದಾರದುಂಡೆ ತೆಗೆದಳು,
ಹೂವಿಲ್ಲದ ಬರಿಯ ದಾರ.
"ಗೇಣು ಯಾಕ್ರಿ, ಮೊಳ ಹಾಕ್ತೀನಿ.
ಕೊಳ್ಳೋ ಮೊಳ ಹಾಕ್ಲೋ, ಮಾರೋ ಮೊಳ ಹಾಕ್ಲೋ?"
ಎರಡಿರ್ತಾವೇನೇ?
"ಮೂರು ಇರ್ತಾವ್ರಿ.
ದಾದರದಾಗ ಕೊಳ್ಳೋವಾಗ ಬೆರಳು ಚಾಚಿ,
ಬ್ರಿಜ್ ಕೆಳಗ ಮಾರೋವಾಗ ಮುಷ್ಟಿ ಹಿಡಿದು,
ಇನ್ನ ಭಾಳ ಚೌಕಾಶಿ ಮಾಡೋರಿಗೆ..."
ತೋರಿಸಿದಳು.
ಏನು ಮಾಡಿದಳೋ ತಿಳಿಯಲಿಲ್ಲ,
ದಾರ ಮಾತ್ರ ನಾಲ್ಕು ಬೆರಳು ಮೋಟಾಯಿತು.

ಗಾಡಿ ಬಂತು, ಹೋಯಿತು.
ಟಿಪ್ಪಣಿಯಲ್ಲಿ ಇದಕ್ಕೆ ಜಾಗ ಬಿಟ್ಟಿರಲಿಲ್ಲ.

ಹೆಡ್‌ಮಾಸ್ತರರು ಬಂದರು, ಕೀಲಿ ಬಂತು,
ಹಿತ್ತಾಳೆ ತುದಿಯ ಹಳದಿ ಪಟ್ಟಿ ಹೊರಬಂತು.
ನೂರಾ ಹನ್ನೆರಡು ಸೆಂಟಿಮೀಟರ್.
ಸಾಬವ್ವ ಅಳೆದರೂ, ತಾಯಪ್ಪ ಅಳೆದರೂ,
ಆ ಕಡೆಯಿಂದ, ಈ ಕಡೆಯಿಂದ, ಅಷ್ಟೇ.
"ಎಲ್ಲಾರ್ದೂ ಒಂದ ಬಂತು," ಅಂದ ಮಾಳಪ್ಪ,
ಆಟದ ಚೆಂಡು ಗಟಾರಕ್ಕೆ ಬಿದ್ದವರ ದನಿಯಲ್ಲಿ.
ವಹಿಯಲ್ಲಿ ಬರೆದುಕೊಂಡರು. ಗಂಟೆ ಬಾರಿಸಿತು.

ಸಂಜೆ ಬ್ರಿಜ್ಜಿನ ಕೆಳಗೆ ಶಾವಂತ್ರಿಯ ಅವ್ವ,
ಒದ್ದೆ ಗೋಣಿಯ ಮೇಲೆ ಸುತ್ತಿಟ್ಟ ಮಲ್ಲಿಗೆ.
ಎರಡು ಮೊಳ ಕೇಳಿದೆ. ಚೌಕಾಶಿ ಮಾಡಲಿಲ್ಲ.
ಅವಳ ಮೊಣಕೈಯ ಮೇಲೇ ಕಣ್ಣಿಟ್ಟಿದ್ದೆ,
ಬಾಗಿತೋ ಇಲ್ಲವೋ, ಸೆರಗು ಅಡ್ಡ ಬಂತು.
ಕತ್ತರಿಸುವ ಮುಂಚೆ ನಕ್ಕು, ಇನ್ನೊಂದು ಗೇಣು ಬಿಟ್ಟಳು:
"ಕೊಸರು ಇರಲಿ. ನಮ್ಮ ಹುಡುಗಿ ಟೀಚರ್ ನೀವು."

ಕೊಸರಿಗೆ ಆ ಹಳದಿ ಪಟ್ಟಿಯಲ್ಲಿ ಗೆರೆಯಿಲ್ಲವಲ್ಲ
ಎಂದು ಗಾಡಿಯುದ್ದಕ್ಕೂ ಹಿಗ್ಗುತ್ತ ಬಂದೆ.
ಮನೆಯಲ್ಲಿ ಟೇಪು ಹಿಡಿದೆ, ಹಿಡಿಯಬಾರದಿತ್ತು.
ಮೊಳಕ್ಕೆ ಹದಿನೆಂಟು ಅಂಗುಲದ ಲೆಕ್ಕಕ್ಕೆ
ಕೊಸರೂ ಸೇರಿ ಸರಿಯಾಗಿ ಮೂವತ್ತಾರು,
ಮೇಲೊಂದು ಮೊಗ್ಗಿಲ್ಲ.
ಒಬ್ಬಳೇ ನಕ್ಕು ನಕ್ಕು ಹೂ ಮುಡಿದೆ.

ನಾಳೆ ತೂಕದ ಪಾಠ.
ತಕ್ಕಡಿಗೆ ಎರಡು ತೆಂಗಿನ ಚಿಪ್ಪು ಹುಡುಕಬೇಕು,
ಶಾವಂತ್ರಿಯನ್ನು ಮುಂದಿನ ಸಾಲಿಗೆ ಕೂಡಿಸಬೇಕು.