ಈರುಳ್ಳಿ ಸಿಪ್ಪೆ

ಹೇಳಿದವನು ನಾನೇ.
ಎಂಟು ವರ್ಷ ನನಗೆ, ಕೊರಳಲ್ಲಿ ಕೆಂಪು ವಸ್ತ್ರ.
ಮೇಷ್ಟ್ರು ಬೆನ್ನು ಸವರಿ ಕೇಳಿದರು:
"ನಿನ್ನೆ ಏನು ಉಂಡೆಯೋ, ಲೂಲಾಶ್?"
ಮೊಟ್ಟೆ, ಅಂದೆ.
"ಯಾವ ಬಣ್ಣದ್ದು?"
ಆ ಪ್ರಶ್ನೆಗೊಂದು ಬಾಗಿಲುಂಟು, ಆಚೆಗೆ ಮೆಟ್ಟಿಲಿಲ್ಲ ಎಂದು
ಎಂಟು ವರ್ಷದವನಿಗೆ ಯಾರು ಹೇಳಬೇಕು?
ಕೆಂಪು, ಅಂದೆ.
ಅಜ್ಜಿ ಈರುಳ್ಳಿ ಸಿಪ್ಪೆ ಹಾಕಿ ಬೇಯಿಸುತ್ತಾಳೆ.

ಶ್ಕೊದ್ರದ ಇಗರ್ಜಿಯೊಳಗೆ ಆಗ ವಾಲಿಬಾಲ್ ಆಡುತ್ತಿದ್ದರು.
ಗಂಟೆ ಇಳಿಸಿದ ಗೋಪುರದಲ್ಲಿ ಪಾರಿವಾಳ
ಹೊತ್ತುಗೊತ್ತಿಲ್ಲದೆ ಗುಟುರು ಹಾಕುತ್ತಿತ್ತು.
ದೇವರಿಲ್ಲ ಎಂಬುದು ಕಾನೂನು.
ಇದ್ದಾನೆ ಅನ್ನುವುದು ಅಪರಾಧ,
ಇದ್ದಾನೇನೋ ಅನ್ನುವುದೂ.

ದ್ರಾಂದೆ ಅಜ್ಜಿಗೆ ಓದು ಬಾರದು.
ಸರೋವರದ ಮೀನುಗಾರರ ಸಂಘದಲ್ಲಿ
ಹರಿದ ಬಲೆಗೆ ಗಂಟು ಹಾಕುವ ಕೆಲಸ.
ಅವಳ ಜಪಸರ ಕಸಿದುಕೊಂಡವರು
ಕೈಗೆ ಬಲೆ ಕೊಟ್ಟಿದ್ದರು.
ಗಂಟಿಗೊಂದು ಸಲ ಅವಳ ತುಟಿ ಅಲುಗುತ್ತಿದ್ದುದು ಯಾಕೆಂದು
ನನಗೆ ಹೊಳೆದದ್ದು ಬಹಳ ತಡವಾಗಿ.

ಮೂರು ರಾತ್ರಿ ನಿದ್ದೆ ಕೊಡದೆ ನಿಲ್ಲಿಸಿದರು.
ಮೇಜಿನ ಮೇಲೆ ಕಾಗದ, ಮಸಿಯ ಡಬ್ಬಿ.
"ಒಂದೇ ಸಾಲು, ಮುದುಕಿ. ದೇವರಿಲ್ಲ ಅಂತ.
ಹೆಬ್ಬೆಟ್ಟು ಒತ್ತಿ ಮನೆಗೆ ಹೋಗು.
ಮನಸ್ಸಿನಲ್ಲಿ ಏನಾದರೂ ಇಟ್ಟುಕೋ, ಯಾರು ನೋಡುತ್ತಾರೆ?"
ಅಧಿಕಾರಿ ಇನ್ನೂ ಹುಡುಗ. ಮಾತು ಮಾತಿಗೂ ಕೆಮ್ಮು.

"ಧೈರ್ಯ ಅಂತ ತಿಳಿಯಬೇಡ, ಮಗಾ.
ಕಾಲು ನಡುಗುತ್ತಿದೆ ನೋಡು, ಲಂಗ ಒದ್ದೆಯಾಗಿದೆ.
ನಂಬಿಕೆ ಬಿಡು ಅನ್ನುತ್ತೀ.
ಬರೀ ನಂಬಿಕೆಯಾಗಿದ್ದರೆ ಬಿಡುತ್ತಿದ್ದೆನೋ ಏನೋ.
ಇದು ಬಳಕೆ.
ಮೊದಲ ಕೂಸನ್ನು ಮಣ್ಣು ಮಾಡಿ ಬಂದ ರಾತ್ರಿ
ಅವನನ್ನು ಬೈದಿದ್ದೇನೆ,
ನಿನ್ನ ಇಲಾಖೆಯಲ್ಲಿ ಒಬ್ಬರಿಗೂ ಬಾರದ ಮಾತಿನಲ್ಲಿ.
ಬೆಳಗಿನ ತನಕ ಎದುರಿಗೇ ಕೂತಿದ್ದ.
ಉತ್ತರ ಕೊಡಲಿಲ್ಲ.
ಎದ್ದೂ ಹೋಗಲಿಲ್ಲ.
ಅಂದಿನಿಂದ ಅವನ ಮೌನದ ಗುರುತು ಹತ್ತಿದೆ ನನಗೆ,
ಕತ್ತಲಲ್ಲಿ ಸರೋವರಕ್ಕೆ ಕೈ ಅದ್ದಿ
ನಾಳೆ ಯಾವ ಗಾಳಿ ಅನ್ನುತ್ತೇನಲ್ಲ, ಹಾಗೆ.
ಉಪ್ಪು ರೊಟ್ಟಿ ಜೊತೆಗೆ ತಿಂದವನನ್ನು
ಕಂಡೇ ಇಲ್ಲ ಅಂತ ಯಾವ ಬೆರಳು ಒತ್ತಲಿ?
ಸುಳ್ಳಾಗುತ್ತದೆ, ಅಷ್ಟೆ.
ಒಣ ಅಂಜೂರ ಹಾಲಲ್ಲಿ ಕುದಿಸಿ ಕುಡಿ, ಕೆಮ್ಮಿಗೆ."

ಇದನ್ನು ನನಗೆ ಹೇಳಿದ್ದು ಆ ಹುಡುಗನೇ,
ಮೂವತ್ತು ವರ್ಷದ ಮೇಲೆ, ಬಸ್ ನಿಲ್ದಾಣದ ಬೆಂಚಿನಲ್ಲಿ,
ಇನ್ನೂ ಕೆಮ್ಮುತ್ತ.
ಅಂಜೂರ ಕುದಿಸಿದೆಯಾ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಐದು ವರ್ಷ, ಜೌಗು ಬತ್ತಿಸುವ ಶಿಬಿರದಲ್ಲಿ.
ಮರಳಿ ಬಂದಾಗ ಅವಳ ಉಗುರುಗಳಿರಲಿಲ್ಲ.
ಹದಿಮೂರರ ನಾನು ಬಾಗಿಲ ಮೂಲೆಗೆ ಅಂಟಿ ನಿಂತಿದ್ದೆ.
"ಲೂಲಾಶ್, ಏನು ಉಂಡೆಯೋ?" ಅಂದಳು.
ಆ ಮನೆಯಲ್ಲಿ ಯಾರೂ ನನ್ನನ್ನು ಕೇಳಬಾರದ ಪ್ರಶ್ನೆ ಅದು.
ನಾನು ಅಳುವುದನ್ನು ಮುಗಿಯುವ ತನಕ ನೋಡಿದಳು,
ಎದುರಿಗೇ ಕೂತು. ಏನೂ ಅನ್ನದೆ. ಎದ್ದೂ ಹೋಗದೆ.
ಆಮೇಲೆ ಅಂದಳು:
"ನಿನ್ನ ಕೇಳಿದರು, ಇದ್ದದ್ದು ಹೇಳಿದೆ.
ನನ್ನ ಕೇಳಿದರು, ಇದ್ದದ್ದು ಹೇಳಿದೆ.
ಏಳು, ಒಲೆ ಹಚ್ಚು."

ಈಗ ಗಂಟೆ ಮತ್ತೆ ಮೇಲೇರಿದೆ.
ವರ್ಷಕ್ಕೊಮ್ಮೆ ಸಿಪ್ಪೆ ಕೂಡಿಸಿ ಮೊಟ್ಟೆ ಬೇಯಿಸುತ್ತೇನೆ.
ಅವಳ ಕೆಂಪು ಬರುವುದಿಲ್ಲ;
ಒಮ್ಮೆ ಇಟ್ಟಿಗೆ, ಒಮ್ಮೆ ತುಕ್ಕು.
ಅವನನ್ನು ಬಲ್ಲೆ ಅನ್ನಲು ನನಗೆ ಬಾಯಿಲ್ಲ.
ಅಜ್ಜಿಯನ್ನು ಬಲ್ಲೆ.
ನೀರು ಕುದಿಯುವ ತನಕ
ಒಲೆಯೆದುರು ಸುಮ್ಮನೆ ಕೂರುತ್ತೇನೆ,
ಎದ್ದು ಹೋಗುವುದಿಲ್ಲ.