ನೆರಳಿಗೆ ಸುಂಕ

ಗಾದೆಯ ಪಾಠ. ಕರಿಹಲಗೆಯ ಮೇಲೆ ಬರೆದಿದ್ದೆ:
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.
ಐದನೆಯ ತರಗತಿ ಇಡಿಯಾಗಿ ಹಿಂದಕ್ಕೆ ತಿರುಗಿ ನಕ್ಕಿತು.
ಕೊನೆಯ ಸಾಲಿನಲ್ಲಿ ಸುಂಕಮ್ಮ
ಸುಖವೂ ಅಲ್ಲದ ದುಃಖವೂ ಅಲ್ಲದ ಮುಖ ಹೊತ್ತು
ಹುಣಸೆಬೀಜ ಎಣಿಸುತ್ತಿದ್ದಳು.

ನಾಟಕ ಹುಟ್ಟಿದ್ದು ಆಗಲೇ.
ಒಬ್ಬ ರಾಜ. ಉಪ್ಪಿಗೆ, ಉಸುಕಿಗೆ, ಮದುವೆಗೆ, ಮಸಣಕ್ಕೆ
ಸುಂಕ ಹಾಕಿ ಮುಗಿಸಿದ್ದಾನೆ. ಇನ್ನೇನು ಉಳೀತು?
"ನೆಳ್ಳು ಐತಲ್ರಿ ಮಹಾರಾಜ" ಅಂದ ಗಾದಿಲಿಂಗ.
ಮಂತ್ರಿಗಿರಿ ಅವನಿಗೇ ಹೋಯಿತು.
ಬಳ್ಳಾರಿಯ ಮಾರ್ಚಿಯಲ್ಲಿ
ಇದಕ್ಕಿಂತ ದೊಡ್ಡ ಖಳನನ್ನು ನಾನು ತಾನೇ ಎಲ್ಲಿಂದ ತರಲಿ?

ಉಡುಪಿಗೆ ಅನುದಾನವಿಲ್ಲ.
ಆದರೆ ಇದು ಕೌಲ್ ಬಜಾರು; ಓಣಿಯ ತುಂಬ ಮಿಷನ್ನುಗಳ ಸದ್ದು,
ಜೇಬೊಂದಕ್ಕೆ ಇಷ್ಟು, ಜಿಪ್ಪೊಂದಕ್ಕೆ ಇಷ್ಟು ಎಂದು
ತಾಯಂದಿರು ನಡುರಾತ್ರಿಯ ತನಕ ಹೊಲಿಯುತ್ತಾರೆ.
ಮಾಬುನ್ನಿಯ ಅಮ್ಮ ಒಂದು ಗೋಣಿ ಜೀನ್ಸ್ ಚಿಂದಿ ಕಳಿಸಿದಳು.
ಹೀಗಾಗಿ ಕಿರೀಟ ನೀಲಿ, ಕತ್ತಿಯ ಒರೆ ನೀಲಿ,
ಮರದ ಎಲೆಯೂ ನೀಲಿ.
"ಎಲಿ ಹಸರಿರ್ತಾವಲ್ರಿ ಟೀಚರ್?"
"ಬಿಸಿಲಿಗೆ ಬಡಿದು ಹಂಗಾಗ್ಯಾವ ಅನ್ನು."
ರಾಜನ ನಿಲುವಂಗಿಗೆ ಮಾತ್ರ ಹದಿನಾಲ್ಕು ಜೇಬು,
ಒಂದೂ ಬಿಡದೆ ಜೋಡಿಹೊಲಿಗೆ ಹಾಕಿ ಕೊಟ್ಟಿದ್ದಳು.

ಹುಸೇನ್‌ಬಾಷಾ ರಾಜ.
ಮನೆಯಲ್ಲಿ ಉರ್ದು, ಗಲ್ಲಿಯಲ್ಲಿ ತೆಲುಗು,
ಸಿಂಹಾಸನದ ಮೇಲೆ ಕನ್ನಡ.
ಸಾಮ್ರಾಜ್ಯ ಎಂಬ ಪದ ಹದಿನೈದು ದಿನವೂ
ಅವನ ಬಾಯಲ್ಲಿ ಸಾಂಬ್ರಾಜ್ಯವೇ ಆಗಿ
ಸಾಂಬ್ರಾಣಿಯ ಹಾಗೆ ಘಮ್ಮೆಂದಿತು. ತಿದ್ದುವುದನ್ನು ಬಿಟ್ಟೆ.
ಎರ್ರಿಸ್ವಾಮಿ ಮರ. ಮಾತಿಲ್ಲದ ಪಾರ್ಟೇ ಬೇಕೆಂದು ಕೇಳಿ ಪಡೆದವನು
ಒಂದೇ ಒಂದು ಪ್ರಶ್ನೆ ಹಾಕಿದ:
ಮರಕ್ಕೆ ಕೆಮ್ಮು ಬಂದರೆ?

ಬೇವಿನ ಕಟ್ಟೆಯೇ ರಂಗ. ಹಿಂದೆ ಅಡುಗೆಯ ಹನುಮಕ್ಕನ ಸೀರೆ.
"ಊಟದ ಗಂಟೆಯೊಳಗೆ ಮುಗೀಬೇಕು ನೋಡ್ರಿ" ಎಂದು ಹೆಡ್ಮಾಸ್ತರು.
ಶುರುವಾದಾಗ ನೆರಳು ಅಂಗಳದ ನಡುವಿನ ತನಕ ಚಾಚಿತ್ತು,
ಒಂದನೆಯ ತರಗತಿ ಅದರೊಳಗೆ ಕೂತಿತ್ತು.
ನೆರಳು ಹಿಂದೆ ಸರಿಯಿತು. ಮಕ್ಕಳೂ ಕೂತಲ್ಲೇ ತೆವಳಿದರು,
ಎರಡನೆಯ ದೃಶ್ಯಕ್ಕೆ ಕಟ್ಟೆಯ ಬುಡಕ್ಕೆ,
ಮೂರನೆಯದಕ್ಕೆ ಕಟ್ಟೆಯನ್ನೇ ಹತ್ತಿ
ರಾಜನ ಕಾಲ ಬಳಿ.

ಸುಂಕಮ್ಮ ದರ್ಜಿಯ ಟೇಪು ಬಿಚ್ಚುತ್ತ ಬಂದಳು:
"ಮೊಳ ನೆರಳಿಗೆ ರೂಪಾಯಿ!"
ಅದು ನಾಟಕದ ಮಾತು.
ಪುಟ್ಟ ತಾಯಣ್ಣ ಮುಷ್ಟಿ ಬಿಚ್ಚಿದ.
ಬೆವರಿಗೆ ಒದ್ದೆಯಾದ ಒಂದೇ ನಾಣ್ಯ, ಬೋಟಿ ಕೊಳ್ಳಲು ತಂದದ್ದು.
"ಇಂತೇ ಉಂದಕ್ಕಾ" ಅಂದ. ಇಷ್ಟೇ ಐತಕ್ಕ.

ನಾನು ಸೀರೆಯ ಮರೆಯಿಂದ
ಬೇಡ, ಬೇಡ ಎಂದು ಕೈಬೀಸಿದೆ.
ಸುಂಕಮ್ಮ ನನ್ನನ್ನು ನೋಡಿದಳು. ನಾಣ್ಯ ತಗೊಂಡಳು.
ಸುಂಕದವಳಲ್ಲವೇ.
ಆಮೇಲೆ ಎರ್ರಿಸ್ವಾಮಿಯ ಎದೆಯಿಂದ ಒಂದು ನೀಲಿ ಎಲೆ ಕಿತ್ತು
"ರಸೀದಿ. ಹೊತ್ತು ಮುಳುಗೋ ತನಕ ಕುಂದ್ರು" ಎಂದು ಕೊಟ್ಟಳು.

ನನಗೊಂದು, ನನಗೊಂದು!
ಹುಣಸೆಬೀಜ, ಪೆನ್ಸಿಲ್ ತುಂಡು, ಅಂಗಿಯ ಗುಂಡಿ ಹಿಡಿದು
ಶಾಲೆಯೇ ಕಟ್ಟೆ ಹತ್ತಿತು.
ಮರ ಬೋಳಾಯಿತು, ಒಮ್ಮೆಯೂ ಕೆಮ್ಮದೆ.
ಹದಿನಾಲ್ಕು ಖಾಲಿ ಜೇಬಿನ ರಾಜ
ಪಶ್ಚಾತ್ತಾಪದ ಮಾತನ್ನು ಬಾಯಲ್ಲಿಟ್ಟುಕೊಂಡು
ತನ್ನ ಸರದಿ ಕಾಯುತ್ತ ನಿಂತೇ ಇದ್ದ.
ಊಟದ ಗಂಟೆ ಹೊಡೆಯಿತು.

ವರದಿಯಲ್ಲಿ ಕಲಿಕಾಫಲದ ಕಾಲಂ ಇನ್ನೂ ಖಾಲಿ.
ಸುಂಕಮ್ಮ ಮಾತ್ರ ಲೆಕ್ಕ ಒಪ್ಪಿಸಿದ್ದಾಳೆ:
ಬೀಜ ನಲವತ್ತೊಂದು, ಗುಂಡಿ ಆರು, ರೂಪಾಯಿ ಒಂದು.
ಆ ಒಂದನ್ನು ಮರುದಿನ ತಾಯಣ್ಣನಿಗೆ ವಾಪಸು ಕೊಡಹೋದರೆ
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.
ಅಂಗಿಯ ಜೇಬಿನಿಂದ ರಸೀದಿಯ ನೀಲಿ ಅಂಚು ಇಣುಕುತ್ತಿತ್ತು.
"ಮತ್ತೆ ನೆಳ್ಳು?" ಅಂದ,
ಈ ಸಲ ಕನ್ನಡದಲ್ಲೇ.