ಮಾತಾಡಬೇಡಿ, ಐದು ನಿಮಿಷ

ಸೊಹಾರ್ ಬಂದರಿನ ಹಿಂದೆ, ಮೂರನೇ ಗೇಟಿನ ಪಕ್ಕ,
ಎರಡು ಕೋಣೆಯ ಕ್ಲಿನಿಕ್ಕು.
ಬೆಳಗಿನ ಆರಕ್ಕೇ ಸಾಲು.
ಎತ್ತರದಲ್ಲಿ ದುಡಿಯುವವರಿಗೆ
ಆರು ತಿಂಗಳಿಗೊಂದು ಕಾಗದ ಬೇಕು,
ಕಾಗದಕ್ಕೆ ನನ್ನ ಸಹಿ ಬೇಕು,
ನನ್ನ ಸಹಿಗೆ ಈ ಯಂತ್ರದ ಒಪ್ಪಿಗೆ.

ಬುತ್ತಿ ಡಬ್ಬಿಯಷ್ಟೇ ಇದೆ, ಬಿಳಿ.
ನೀಲಿ ಪಟ್ಟಿಯ ವೆಲ್ಕ್ರೋ ಸವೆದು
ದಪ್ಪ ತೋಳಿನವರಿಗೆ ಪರ್ರನೆ ಬಿಟ್ಟುಕೊಳ್ಳುತ್ತದೆ.
ಆಗ ತೆರೆಯ ಮೇಲೆ ಒಂದು ಇ, ಒಂದು ಎರಡು.
ಮತ್ತೆ ಮೊದಲಿಂದ.

ಐದು ಭಾಷೆಯಲ್ಲಿ ನನಗೆ ಇದೊಂದೇ ಪಾಠ ಬಾಯಿಪಾಠ:
ಬೆನ್ನು ಆನಿಸಿ, ಕಾಲ ಮೇಲೆ ಕಾಲು ಬೇಡ,
ಅಂಗೈ ಮೇಲಕ್ಕೆ, ತೋಳು ಎದೆಯ ಮಟ್ಟಕ್ಕೆ,
ಐದು ನಿಮಿಷ ಮಾತಾಡಬೇಡಿ.
ಬಂಗಾಳಿಯಲ್ಲಿ ಹೇಳಿದರೆ ನಗುತ್ತಾರೆ.
ನೇಪಾಳಿಯಲ್ಲಿ ಹೇಳಿದರೆ ಎದ್ದು ನಿಲ್ಲುತ್ತಾರೆ,
ಏನು ತಪ್ಪು ಹೇಳುತ್ತೇನೋ, ಇವತ್ತಿಗೂ ಗೊತ್ತಿಲ್ಲ.

ಹುಲಿಗೆಪ್ಪ, ನಲವತ್ತೊಂದು, ಟವರ್ ಕ್ರೇನ್.
ಊರಿನ ಹೆಸರಿರಬೇಕಾದಲ್ಲಿ
ಗುಮಾಸ್ತ ಗೀಚಿದ್ದು ಓದಲಾಗದೆ
"ಕುಷ್ಟಗಿಯಾ?" ಅಂದುಬಿಟ್ಟೆ.

ತಪ್ಪಾಯಿತು.
"ಅಕ್ಕಾರ! ನೀವು ಕನ್ನಡದವ್ರೇನ್ರಿ!"

ಪಟ್ಟಿ ಸುತ್ತಿ ಗುಂಡಿ ಒತ್ತಿದೆ,
ಮೋಟರು ಗೊರ್ರ್ ಎನ್ನತೊಡಗಿತು,
ಅವನೂ ಶುರು ಮಾಡಿದ.
ಅರವತ್ತು ಮೀಟರಿನ ಮೇಲೆ ದಿನವಿಡೀ ಒಬ್ಬನೇ,
ರೇಡಿಯೋದಲ್ಲಿ ಕೆಳಗಿನಿಂದ ಮೂರೇ ಮಾತು:
ಊಪರ್, ನೀಚೆ, ಧೀರೇ.
ರೂಮಿನಾಗ ಇಬ್ಬರು ಒಡಿಯಾ, ಮೂವರು ತಮಿಳು, ಎಲ್ಲಾ ಛಲೋ ಮಂದಿ,
ಹಲ್ಲು ಕೀಳಿಸಿದ್ದು, ಫೋರ್‌ಮನ್ನನ ಗೊರಕೆ,
ಮತ್ತ ಕೇಳ್ರಿಲ್ಲೆ, ಈ ಸಲ ಬರೂಮುಂದ
ಬ್ಯಾಗಿನಾಗ ಕೆಂಪಿಂಡಿ ಡಬ್ಬಿ ಒಡದು
ಅಂಗಿ, ಬನೀನು, ಟವೆಲ್ಲು ಎಲ್ಲಾ ಕೆಂಪ್ ಕೆಂಪು,
ಮಸ್ಕತ್ತಿನ್ಯಾಗ ಕಸ್ಟಮ್ಸಿನವ ಜಿಪ್ ಎಳದ,
ರಕ್ತ ಅಂದ್ಕೊಂಡು ಎರಡು ಹೆಜ್ಜಿ ಹಿಂದ ಸರದ—

ಬೀಪ್.
ನೂರ ಅರವತ್ತೆಂಟು, ನೂರ ನಾಲ್ಕು.

ನಮ್ಮ ಮನೆಯಲ್ಲಿ ಕೊಂಕಣಿ.
ಕನ್ನಡ ಹೊನ್ನಾವರದ ಶಾಲೆಯದು,
ಒಂದನೇ ಕ್ಲಾಸಿನಲ್ಲಿ ಟೀಚರ ಬಾಯಿಂದ
ಮೊದಲು ಅರ್ಥವಾದ ಕನ್ನಡವೇ ಅದು:
ಮಾತಾಡಬೇಡಿ.
ಹನ್ನೊಂದು ವರ್ಷದ ಮೇಲೆ ಒಬ್ಬ ಕನ್ನಡದವ ಸಿಕ್ಕರೆ
ನನ್ನ ಬಾಯಿಂದಲೂ ಅದೇ.

ತುಟಿ ಬಿಗಿಹಿಡಿದ.
ಕೊರಳಿನ ಗಂಟು ಮಾತ್ರ ಏರಿಳಿಯುತ್ತಿತ್ತು,
ಕತೆ ಒಳಗೇ ನಡೆದಿರಬೇಕು.
ನೂರ ಐವತ್ತನಾಲ್ಕು, ತೊಂಬತ್ತೆಂಟು.

ಮೂರನೇ ಸಲ ಗುಂಡಿ ಒತ್ತಿ ಹೊರಗೆ ಹೋದೆ.
ಬಾಗಿಲ ಸಂದಿಯಿಂದ ನೋಡಿದೆ:
ಗೋಡೆಯ ಕ್ಯಾಲೆಂಡರಿನ ಒಂಟೆಯನ್ನು ದಿಟ್ಟಿಸುತ್ತ
ಹುಲಿಗೆಪ್ಪ, ತೋಳನ್ನು ಯಂತ್ರಕ್ಕೆ ಒಪ್ಪಿಸಿ,
ಕ್ಯಾಬಿನ್ನಿನಲ್ಲೂ ಹೀಗೇ ಕೂರುತ್ತಾನೇನೋ.
ನೂರ ಮೂವತ್ತಾರು, ಎಂಬತ್ತೆಂಟು.

ಒಂಟಿಯಾಗಿದ್ದರೆ ಫಿಟ್.

ನಿಯಮ ಹೇಳುತ್ತದೆ: ಮೊದಲನೆಯದು ಬಿಡಿ,
ಉಳಿದೆರಡರ ಸರಾಸರಿ. ನೂರ ನಲವತ್ತೈದು.
ನೂರ ನಲವತ್ತಕ್ಕೆ ಬೀಗ.
ಈ ಐದರಲ್ಲಿ ನನ್ನ ಪಾಲೆಷ್ಟು, ಕೆಂಪಿಂಡಿಯ ಉಪ್ಪೆಷ್ಟು,
ಆ ಕಲಂ ಫಾರ್ಮಿನಲ್ಲಿಲ್ಲ.
'ಗುರುವಾರ ಮರುಪರೀಕ್ಷೆ' ಎಂದು ಬರೆದೆ.
ಅಲ್ಲಿಯವರೆಗೆ ನೆಲದ ಕೆಲಸ, ದಿನಕ್ಕೆರಡು ರಿಯಾಲ್ ಕಮ್ಮಿ.

ಬೇಜಾರಾದೀತೆಂದು ತಲೆಯೆತ್ತದೆ ಕಾಗದ ಚಾಚಿದೆ.
"ಅಂದ್ರ ಮತ್ತ ಬರಬೇಕೇನ್ರಿ ಅಕ್ಕಾರ?"
ಆ ಸಂತೋಷಕ್ಕೆ ಪಟ್ಟಿ ಕಟ್ಟಿದ್ದರೆ
ಯಂತ್ರ ಏನು ತೋರಿಸುತ್ತಿತ್ತೋ.
"ಉಪ್ಪು ಕಮ್ಮಿ ಮಾಡಿ," ಎಂದೆ. "ಮೊದಲು ಅಳೆಯೋದು.
ಆಮೇಲೆ ಮಾತು."

ಮಧ್ಯಾಹ್ನ ಸಾಲು ಕರಗಿ, ಎಸಿ ತೊಟ್ಟಿಕ್ಕುವಾಗ
ಮೆಮೊರಿ ಗುಂಡಿ ಒತ್ತಿ ಹಿಂದೆ ಹಿಂದೆ ಹೋದೆ.
ಹೆಸರಿಲ್ಲ, ಊರಿಲ್ಲ, ಗಂಟೆ ಮತ್ತು ಅಂಕಿ.
ಆರು ನಲವತ್ತಕ್ಕೆ ನೂರ ಅರವತ್ತೆಂಟು:
ಇಲ್ಲಿ ಕಸ್ಟಮ್ಸಿನವ ಎರಡು ಹೆಜ್ಜೆ ಹಿಂದೆ ಸರಿದ.
ಮುಂದೆ ಏನಾಯಿತೋ.